ಫ್ರೀ ಲಿಂಕ್, 200 ರೂಪಾಯಿ ಟಿಕೆಟ್, ಮೂರು ವರ್ಷ ಜೈಲು: ಸಿನಿಮಾ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಶುಕ್ರವಾರ ಹೊಸ ಸಿನಿಮಾ ಬಂತೆಂದರೆ ದಾವಣಗೆರೆ, ಹರಿಹರದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸಂಜೆಯೊಳಗೆ ಕೆಲವು ಸಂದೇಶಗಳು ಓಡಾಡತೊಡಗುತ್ತವೆ. "ಫುಲ್ ಎಚ್‌ಡಿ ಪ್ರಿಂಟ್, ಡಿಲೀಟ್ ಆಗೋದ್ರೊಳಗೆ ನೋಡ್ಕೊಳ್ಳಿ" ಅನ್ನುವುದು ಒಂದು. "ಇನ್ನು ಮುಂದೆ ಕರ್ನಾಟಕದಲ್ಲಿ ಯಾವ ಥಿಯೇಟರ್‌ನಲ್ಲೂ ಟಿಕೆಟ್ 200 ರೂಪಾಯಿ ದಾಟುವಂತಿಲ್ಲ, ಎಲ್ಲರಿಗೂ ತಿಳಿಸಿ" ಅನ್ನುವುದು ಇನ್ನೊಂದು. ಇವೆರಡರ ಹಿಂದೆಯೇ "ಪೈರಸಿ ಲಿಂಕ್ ಒತ್ತಿದರೆ ಮೂರು ವರ್ಷ ಜೈಲು, ಗ್ರೂಪ್ ಅಡ್ಮಿನ್‌ಗಳೇ ಎಚ್ಚರ" ಅನ್ನುವ ಬೆದರಿಕೆಯೂ ಬರುತ್ತದೆ. ಮೂರನ್ನೂ ಒಬ್ಬರೇ ಫಾರ್ವರ್ಡ್ ಮಾಡಿರುವುದೂ ಉಂಟು!

ಈ ಮೂರರಲ್ಲೂ ಅರ್ಧ ಸತ್ಯವಿದೆ. ಮಿಕ್ಕ ಅರ್ಧ ಗೊತ್ತಿಲ್ಲದಿದ್ದರೆ ಕಳೆದುಕೊಳ್ಳುವುದು ಸಿನಿಮಾದವರು ಮಾತ್ರ ಅಲ್ಲ, ನಿಮ್ಮ ಬ್ಯಾಂಕ್ ಖಾತೆಗೂ ಕನ್ನ ಬೀಳಬಹುದು. ಹಾಗಾಗಿ ಒಂದೊಂದಾಗಿ ಬಿಡಿಸಿ ನೋಡೋಣ.

200 ರೂಪಾಯಿ ಟಿಕೆಟ್ ಜಾರಿಯಾಗಿದೆಯೇ?

ಈ ಸುದ್ದಿ ಯಾರೋ ಕಟ್ಟಿದ ಕತೆಯಲ್ಲ. 2025ರ ಮಾರ್ಚ್‌ನಲ್ಲಿ ಮಂಡಿಸಿದ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಮಲ್ಟಿಪ್ಲೆಕ್ಸ್ ಸೇರಿದಂತೆ ಎಲ್ಲ ಚಿತ್ರಮಂದಿರಗಳಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕುವುದಾಗಿ ಹೇಳಿದ್ದರು. 2025ರ ಸೆಪ್ಟೆಂಬರ್ 12ರಂದು ಸರ್ಕಾರ ಸಿನಿಮಾ ನಿಯಂತ್ರಣ ನಿಯಮಗಳಿಗೆ ತಿದ್ದುಪಡಿ ತಂದು ಅಧಿಸೂಚನೆಯನ್ನೂ ಹೊರಡಿಸಿತು. 75 ಅಥವಾ ಅದಕ್ಕಿಂತ ಕಡಿಮೆ ಸೀಟುಗಳಿರುವ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಇತ್ತು.

ಫಾರ್ವರ್ಡ್ ಇಲ್ಲಿಗೆ ನಿಂತುಬಿಡುತ್ತದೆ. ಮುಂದೇನಾಯಿತು ಅಂದರೆ, ಮಲ್ಟಿಪ್ಲೆಕ್ಸ್‌ಗಳ ಸಂಘ, ಪಿವಿಆರ್ ಐನಾಕ್ಸ್, ಹೊಂಬಾಳೆ ಫಿಲ್ಮ್ಸ್ ಮೊದಲಾದವರು ಹೈಕೋರ್ಟ್ ಮೆಟ್ಟಿಲೇರಿದರು. ಸೆಪ್ಟೆಂಬರ್ 23ರಂದು, ಅಂದರೆ ಅಧಿಸೂಚನೆ ಬಂದು ಎರಡು ವಾರವೂ ಆಗುವ ಮೊದಲೇ, ಏಕಸದಸ್ಯ ಪೀಠ ಆ ನಿಯಮಕ್ಕೆ ಮಧ್ಯಂತರ ತಡೆ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋದಾಗ ವಿಭಾಗೀಯ ಪೀಠ, ಮುಂದೆ ಸರ್ಕಾರ ಗೆದ್ದರೆ ಪ್ರೇಕ್ಷಕರಿಗೆ ಹಣ ವಾಪಸ್ ಕೊಡಲು ಆಗುವಂತೆ ಮಲ್ಟಿಪ್ಲೆಕ್ಸ್‌ಗಳು ಪ್ರತಿ ಟಿಕೆಟ್ಟಿನ ಲೆಕ್ಕ ಇಡಬೇಕು ಎಂದಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತುಗಳಿಗೂ ತಡೆ ಕೊಟ್ಟಿತು. ಅದೇ ವಿಚಾರಣೆಯಲ್ಲಿ ನ್ಯಾಯಮೂರ್ತಿಗಳು ನೀರಿನ ಬಾಟಲಿಗೆ 100, ಕಾಫಿಗೆ 700 ರೂಪಾಯಿ ತೆಗೆದುಕೊಳ್ಳುವ ಮಲ್ಟಿಪ್ಲೆಕ್ಸ್‌ಗಳನ್ನು ತರಾಟೆಗೂ ತೆಗೆದುಕೊಂಡರು, ದರ ಇಳಿಸದಿದ್ದರೆ ಹಾಲ್‌ಗಳು ಖಾಲಿ ಹೊಡೆಯುತ್ತವೆ ಎಂದರು. ನಿಮ್ಮ ಗ್ರೂಪಿನಲ್ಲಿ ಹರಿದಾಡಿದ್ದು ಬಹುಶಃ ಈ ಮಾತಿನ ವಿಡಿಯೋ. ತಡೆ ಕೊಟ್ಟ ಸುದ್ದಿ ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಇನ್ನೊಂದು ವಿಷಯ ಆ ಸಂದೇಶದಲ್ಲಿ ಇರುವುದೇ ಇಲ್ಲ. 200 ರೂಪಾಯಿ ಅನ್ನುವುದು ತೆರಿಗೆ ಬಿಟ್ಟು. 100 ರೂಪಾಯಿ ಮೀರಿದ ಟಿಕೆಟ್‌ಗೆ ಶೇ. 18 ಜಿಎಸ್‌ಟಿ ಇದೆ. ಹಾಗಾಗಿ ಮಿತಿ ಜಾರಿಯಾದರೂ ಕೌಂಟರಿನಲ್ಲಿ ಕೊಡಬೇಕಾದದ್ದು 236. ಗಂಡ ಹೆಂಡತಿ ಇಬ್ಬರು ಮಕ್ಕಳು ಹೋದರೆ 944. ಹರಿಹರದಿಂದ ಬಂದುಹೋಗುವ ಬಸ್ ಚಾರ್ಜು, ಇಂಟರ್‌ವಲ್ ಪಾಪ್‌ಕಾರ್ನ್ ಬೇರೆ.

100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಟಿಕೆಟ್‌ನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. 112 ಇದ್ದದ್ದು 105 ಆಗಬೇಕು. ನಮ್ಮ ಅಶೋಕ, ಗೀತಾಂಜಲಿ, ತ್ರಿಶೂಲ್‌ನಂಥ ಸಿಂಗಲ್ ಸ್ಕ್ರೀನ್‌ಗಳಿಗೆ ಹೋಗುವವರಿಗೆ 200 ರೂಪಾಯಿ ಮಿತಿಗಿಂತ ಈ 7 ರೂಪಾಯಿಯೇ ಹತ್ತಿರದ ಸುದ್ದಿ. ಅದು ಟಿಕೆಟ್ ಮೇಲೆ ಇಳಿದಿದೆಯೋ ಇಲ್ಲವೋ ಅಂತ ಮುಂದಿನ ಸಲ ಹೋದಾಗ ನೀವೇ ನೋಡಬಹುದು.

"ರೇಟು ಜಾಸ್ತಿ, ಅದಕ್ಕೇ ಪೈರಸಿ" ಅನ್ನುವುದು ಎಷ್ಟು ಸರಿ?

ಇದು ಪೂರ್ತಿ ಸುಳ್ಳಲ್ಲ. 2011ರಲ್ಲಿ ಅಮೆರಿಕದ ಸೋಷಿಯಲ್ ಸೈನ್ಸ್ ರಿಸರ್ಚ್ ಕೌನ್ಸಿಲ್ ಭಾರತವೂ ಸೇರಿದಂತೆ ಹಲವು ದೇಶಗಳ ಪೈರಸಿಯ ಬಗ್ಗೆ ದೊಡ್ಡ ವರದಿಯೊಂದನ್ನು ಹೊರತಂದಿತ್ತು. ಜನರ ಆದಾಯಕ್ಕೆ ಹೋಲಿಸಿದರೆ ಸಿನಿಮಾ, ಹಾಡು, ಸಾಫ್ಟ್‌ವೇರ್‌ಗಳ ಬೆಲೆ ತೀರಾ ಹೆಚ್ಚು, ನಕಲು ಮಾಡುವ ಸಾಧನ ತೀರಾ ಅಗ್ಗ, ಪೈರಸಿ ಹುಟ್ಟುವುದೇ ಅಲ್ಲಿ ಎಂದು ಅದು ಹೇಳಿತು. ಜನರ ನೀತಿ ಕೆಟ್ಟಿದೆ ಎಂದು ಬೈಯುವ ವರದಿ ಅದಾಗಿರಲಿಲ್ಲ.

ಬೆಲೆ ಇಳಿಸಿದರೆ ಜನ ಕೊಂಡುಕೊಳ್ಳುತ್ತಾರೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಅಲ್ಲಿಯವರೆಗೆ ಅಸಲಿ ಡಿಸ್ಕ್‌ಗೆ ನೂರಾರು ರೂಪಾಯಿ. ಬಸ್ ಸ್ಟ್ಯಾಂಡ್ ಪಕ್ಕದ ತಳ್ಳುಗಾಡಿಯ ಕಳ್ಳ ಸಿಡಿಯ ರೇಟಿಗೇ ಅಸಲಿ ಸಿಕ್ಕರೆ ಮಧ್ಯದಲ್ಲಿ ನಿಂತುಹೋಗುವ ಪ್ರಿಂಟ್ ಯಾರಿಗೆ ಬೇಕು? ಆಮೇಲೆ ಡಿಸ್ಕ್‌ಗಳ ಕಾಲವೇ ಮುಗಿಯಿತು, ಅದು ಬೇರೆ ಮಾತು. ನೆಟ್‌ಫ್ಲಿಕ್ಸ್ ಕೂಡ 2021ರ ಡಿಸೆಂಬರ್‌ನಲ್ಲಿ ಭಾರತದ ದರ ಇಳಿಸಿತು. ಮೊಬೈಲ್ ಪ್ಲ್ಯಾನ್ 199ರಿಂದ 149ಕ್ಕೆ, ಬೇಸಿಕ್ ಪ್ಲ್ಯಾನ್ 499ರಿಂದ 199ಕ್ಕೆ ಬಂತು. ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಶುರುವಾದಾಗ ಜಾಹೀರಾತು ಸಹಿತ ಮೊಬೈಲ್ ಪ್ಲ್ಯಾನ್ ಮೂರು ತಿಂಗಳಿಗೆ 149 ಇತ್ತು.

ಜನರ ಜೇಬು ನೋಡಿ ದರ ಇಡುವುದು ದಾವಣಗೆರೆಗೆ ಹೊಸದೇನಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ಊರು ಇದು. ಕಂಪನಿ ನಾಟಕಗಳಲ್ಲಿ, ಟೂರಿಂಗ್ ಟಾಕೀಸುಗಳಲ್ಲಿ ನೆಲ, ಬೆಂಚು, ಕುರ್ಚಿ ಅಂತ ದರ ಬೇರೆ ಬೇರೆ ಇರುತ್ತಿತ್ತು. ಹಮಾಲಿ ಮಾಡುವವರೂ ದಲ್ಲಾಳಿ ಅಂಗಡಿ ಸಾಹುಕಾರರೂ ಒಂದೇ ನಾಟಕ ನೋಡುತ್ತಿದ್ದರು, ಕೊಡುವ ದುಡ್ಡು ಮಾತ್ರ ಬೇರೆ. ಸಂವಹನ ಶಾಸ್ತ್ರದ ಪಠ್ಯದಲ್ಲಿ ಇದಕ್ಕೆ ಉದ್ದುದ್ದ ಹೆಸರುಗಳಿವೆ. ಡೇರೆಯ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವರು ಅದನ್ನು ಓದದೆಯೇ ಮಾಡುತ್ತಿದ್ದರು. ಮಲ್ಟಿಪ್ಲೆಕ್ಸ್ ಬಂದಾಗ ಕಾಣೆಯಾದದ್ದು ಈ ನೆಲದ ಕ್ಲಾಸು.

ಆದರೆ ಬೆಲೆಯ ವಾದಕ್ಕೆ ಒಂದು ತೊಡಕಿದೆ. 200 ರೂಪಾಯಿ ಮಿತಿಯ ಗಲಾಟೆ ಮುಖ್ಯವಾಗಿ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳದ್ದು. 'ಕಾಂತಾರ ಚಾಪ್ಟರ್ 1' 2025ರ ಅಕ್ಟೋಬರ್ 2ರಂದು ಬಂದಾಗ ಅಲ್ಲಿನ ಕೆಲವು ಪರದೆಗಳಲ್ಲಿ ಟಿಕೆಟ್ 1000 ರೂಪಾಯಿ ದಾಟಿತ್ತು. ಅದೇ ಚಿತ್ರದ ನಿರ್ಮಾಪಕರು ದರ ಮಿತಿಯ ವಿರುದ್ಧ ಕೋರ್ಟಿಗೆ ಹೋದವರಲ್ಲಿದ್ದರು, ಥಿಯೇಟರ್‌ನಲ್ಲಿ ವಿಡಿಯೋ ಮಾಡಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡವರೂ ಅವರೇ. ಎರಡನ್ನೂ ಒಟ್ಟಿಗೆ ಓದಿದವರಿಗೆ ಸ್ವಲ್ಪ ಕಿರಿಕಿರಿ ಆದದ್ದು ಸಹಜ. ಆದರೂ ದಾವಣಗೆರೆಯ ಸಿಂಗಲ್ ಸ್ಕ್ರೀನ್‌ನಲ್ಲಿ ಟಿಕೆಟ್ ಸಾಮಾನ್ಯವಾಗಿ 200ರ ಒಳಗೇ ಸಿಗುತ್ತದೆ. ಇಲ್ಲಿ ಫೋನಿನಲ್ಲಿ ಕದ್ದ ಪ್ರತಿ ನೋಡುವವರೆಲ್ಲ ದರಕ್ಕೆ ಹೆದರಿ ನೋಡುತ್ತಿಲ್ಲ ಎಂದಾಯಿತು.

ಹಾಗಾದರೆ ಕಾರಣ ಏನು? ನಮಗೆ ಕಾಣುವ ದೊಡ್ಡ ಕಾರಣ, ಸಿನಿಮಾ ಸಿಗುವುದೇ ಇಲ್ಲ. ದೊಡ್ಡ ತಾರೆಯಿಲ್ಲದ ಕನ್ನಡ ಚಿತ್ರ ದಾವಣಗೆರೆಗೆ ಬಂದರೆ ಒಂದು ವಾರ, ಅದೂ ದಿನಕ್ಕೆ ಒಂದೋ ಎರಡೋ ಆಟ. ಚೆನ್ನಾಗಿದೆಯಂತೆ ಅನ್ನುವ ಮಾತು ಹರಿಹರ ಮುಟ್ಟುವ ಹೊತ್ತಿಗೆ ಪೋಸ್ಟರ್ ಬದಲಾಗಿರುತ್ತದೆ. ಒಟಿಟಿಯಲ್ಲಿ ನೋಡೋಣ ಅಂದರೆ ದೊಡ್ಡ ಕಂಪನಿಗಳು ಕನ್ನಡ ಚಿತ್ರ ಕೊಳ್ಳುವುದರಲ್ಲಿ ತಮಿಳು, ತೆಲುಗಿಗೆ ತೋರಿಸುವ ಉತ್ಸಾಹ ತೋರಿಸುವುದಿಲ್ಲ ಅನ್ನುವುದು ಚಿತ್ರರಂಗದವರ ಬಹುದಿನದ ದೂರು. ಕಾಸು ಕೊಟ್ಟು ನೋಡಲು ರೆಡಿ ಇದ್ದರೂ ಕಾಸು ತೆಗೆದುಕೊಳ್ಳುವ ಅಂಗಡಿಯೇ ಇಲ್ಲ. ಆ ಖಾಲಿ ಜಾಗದಲ್ಲಿ ಟೆಲಿಗ್ರಾಂ ಚಾನೆಲ್ ಕೂತಿದೆ.

ಇದಕ್ಕೆ ಕೆಲವರು ತಮ್ಮದೇ ದಾರಿ ಹುಡುಕಿದ್ದಾರೆ. ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್ 'ಏಕಂ' ಸರಣಿಯನ್ನು ಒಟಿಟಿಗಳು ಕೊಳ್ಳದಿದ್ದಾಗ 2024ರ ಜುಲೈನಲ್ಲಿ ತನ್ನದೇ ಜಾಲತಾಣದಲ್ಲಿ 149 ರೂಪಾಯಿಗೆ ಬಿಟ್ಟಿತು. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ 'ಸಿ ಸ್ಪೇಸ್' ಎಂಬ ಒಟಿಟಿ ತೆರೆಯಿತು. ಒಂದು ಸಿನಿಮಾಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ಚಿತ್ರ ಮಾಡಿದವರಿಗೆ. ತಿಂಗಳ ಚಂದಾ ಕಟ್ಟುವ ತಲೆನೋವಿಲ್ಲ, ಬೇಕಾದದ್ದಕ್ಕೆ ಮಾತ್ರ ದುಡ್ಡು. ಕನ್ನಡಕ್ಕೂ ಸರ್ಕಾರಿ ಒಟಿಟಿ ಮಾಡುವ ಮಾತು 2025ರ ಮಾರ್ಚ್‌ನ ಅದೇ ಬಜೆಟ್‌ನಲ್ಲಿತ್ತು. 200 ರೂಪಾಯಿ ಟಿಕೆಟ್ಟಿನ ಸಾಲು ಸಾವಿರಾರು ಬಾರಿ ಫಾರ್ವರ್ಡ್ ಆಯಿತು, ಅದರ ಜೊತೆಗಿದ್ದ ಈ ಸಾಲು ಯಾರ ಕಣ್ಣಿಗೂ ಬಿದ್ದಂತಿಲ್ಲ. ನಮ್ಮ ಪ್ರಕಾರ ದಾವಣಗೆರೆಯಂಥ ಊರಿಗೆ ಹೆಚ್ಚು ಬೇಕಾದದ್ದು ಈ ಎರಡನೆಯದೇ.

ನಾನೊಬ್ಬ ನೋಡಿದರೆ ಯಾರಿಗೇನು ನಷ್ಟ?

"ಕೋಟಿಗಟ್ಟಲೆ ಸಂಭಾವನೆ ತಗೊಳ್ಳೋ ಹೀರೋಗೆ ನನ್ನ ನೂರು ರೂಪಾಯಿ ಯಾಕೆ ಬೇಕು?" ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಟಿಕೆಟ್ಟಿನ ದುಡ್ಡು ಹೇಗೆ ಹರಿಯುತ್ತದೆ ಅಂತ ನೋಡಬೇಕು.

ಮಲ್ಟಿಪ್ಲೆಕ್ಸ್‌ನಲ್ಲಿ ತೆರಿಗೆ ಕಳೆದು ಉಳಿದದ್ದನ್ನು ಮೊದಲ ವಾರ ಸಾಮಾನ್ಯವಾಗಿ ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೊಳ್ಳುತ್ತಾರೆ. ಕರ್ನಾಟಕದ ಸಿಂಗಲ್ ಸ್ಕ್ರೀನ್‌ಗಳಲ್ಲಿ ಮಾತ್ರ ಬಹುಕಾಲದಿಂದ ನಡೆದುಬಂದಿರುವುದು ಬಾಡಿಗೆ ಪದ್ಧತಿ. ನಿರ್ಮಾಪಕರು ಅಥವಾ ವಿತರಕರು ಥಿಯೇಟರ್‌ಗೆ ವಾರಕ್ಕಿಷ್ಟು ಅಂತ ಬಾಡಿಗೆ ಕಟ್ಟುತ್ತಾರೆ. ಜನ ಬರಲಿ ಬಿಡಲಿ, ಬಾಡಿಗೆ ಬಾಡಿಗೆಯೇ. ಪ್ರದರ್ಶಕರು ಶೇಕಡಾವಾರು ಪದ್ಧತಿ ಬೇಕೆಂದೋ ನಿರ್ಮಾಪಕರು ಬಾಡಿಗೆ ಇಳಿಸಿ ಎಂದೋ ಆಗಾಗ ಜಟಾಪಟಿ ಆಗುವುದು ಇದೇ ಕಾರಣಕ್ಕೆ.

ಈಗ ಒಂದು ಲೆಕ್ಕ ಹಾಕೋಣ. ಇದು ಅರ್ಥ ಮಾಡಿಕೊಳ್ಳಲು ನಾವು ಇಟ್ಟುಕೊಂಡ ಸಂಖ್ಯೆ, ಯಾವುದೇ ಥಿಯೇಟರಿನದ್ದಲ್ಲ. ವಾರದ ಬಾಡಿಗೆ 1 ಲಕ್ಷ, ತೆರಿಗೆ ಬಿಟ್ಟು ಟಿಕೆಟ್ 100 ರೂಪಾಯಿ ಅಂದುಕೊಳ್ಳಿ. ಮೊದಲ 1000 ಜನರ ದುಡ್ಡು ಬಾಡಿಗೆಗೇ ಹೋಯಿತು. ವಾರದಲ್ಲಿ 1200 ಜನ ಬಂದರೆ ಕೊನೆಯ 200 ಜನರ 20 ಸಾವಿರ ಮಾತ್ರ ಸಿನಿಮಾ ಮಾಡಿದವರ ಕೈಗೆ. ಆ 200 ಜನ ಫೋನಿನಲ್ಲಿ ನೋಡಿಬಿಟ್ಟರೆ? ಥಿಯೇಟರ್‌ಗೆ ಬಂದ ಜನ ಕಡಿಮೆಯಾದದ್ದು ಆರರಲ್ಲಿ ಒಂದು ಪಾಲು. ನಿರ್ಮಾಪಕರಿಗೆ ಕಡಿಮೆಯಾದದ್ದು ಪೂರ್ತಿ.

ಕೋಟಿ ತೆಗೆದುಕೊಳ್ಳುವ ಹೀರೋ ಸಾಮಾನ್ಯವಾಗಿ ಚಿತ್ರ ತೆರೆಗೆ ಬರುವ ಮೊದಲೇ ಬಹುಪಾಲು ಸಂಭಾವನೆ ತೆಗೆದುಕೊಂಡಿರುತ್ತಾರೆ. ದೊಡ್ಡ ಚಿತ್ರಕ್ಕೆ ಟಿವಿ ಹಕ್ಕು, ಡಬ್ಬಿಂಗ್ ಹಕ್ಕು, ಒಟಿಟಿ ಹಕ್ಕು ಎಲ್ಲ ಇವೆ. ಸಣ್ಣ ಚಿತ್ರಕ್ಕೆ ಈ ಕೊನೆಯ 200 ಜನರೇ ಆಸರೆ. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ನೆನಪಿರಬಹುದು. ದೊಡ್ಡ ತಾರೆ ಇಲ್ಲ, ಸಣ್ಣ ಬಜೆಟ್, ಬಾಯಿಂದ ಬಾಯಿಗೆ ಸುದ್ದಿ ಹರಡಿ ನೂರು ಕೋಟಿ ದಾಟಿತು. ಅಂಥ ಚಿತ್ರ ಬೆಳೆಯುವುದು ಎರಡನೇ ವಾರ, ಮೂರನೇ ವಾರ. ಬಾಯಿಮಾತಿನ ಜೊತೆಗೇ ಲಿಂಕೂ ಬಂದರೆ ಆ ಎರಡನೇ ವಾರ ಇರುವುದೇ ಇಲ್ಲ.

ಸಿನಿಮಾದವರ ಕಡೆಯ ಲೆಕ್ಕವನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಪೈರಸಿಯಿಂದ ವರ್ಷಕ್ಕೆ 20,000 ಕೋಟಿ ನಷ್ಟ ಅನ್ನುವ ಅಂಕಿಯನ್ನು ಕೇಂದ್ರ ಸರ್ಕಾರವೂ ಹೇಳುತ್ತದೆ. ಇಂಥ ಅಂಕಿಗಳನ್ನು ಕೇಳಿದಾಗ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಕದ್ದು ನೋಡಿದವರೆಲ್ಲ ಲಿಂಕ್ ಸಿಗದಿದ್ದರೆ ಟಿಕೆಟ್ ಕೊಳ್ಳುತ್ತಿದ್ದರೇ? ಯುರೋಪಿಯನ್ ಕಮಿಷನ್ ಈ ಬಗ್ಗೆ ಒಂದು ಅಧ್ಯಯನ ಮಾಡಿಸಿತ್ತು. 2015ರಲ್ಲಿ ಮುಗಿದ ಅದು ಹೊರಬಂದದ್ದು 2017ರಲ್ಲಿ, ಅದೂ ಸಂಸದೆಯೊಬ್ಬರು ಪಟ್ಟುಹಿಡಿದು ಕೇಳಿದ ಮೇಲೆ. ಹಾಡು, ಪುಸ್ತಕ, ಗೇಮ್‌ಗಳ ವಿಷಯದಲ್ಲಿ ಪೈರಸಿಯಿಂದ ಮಾರಾಟ ಕುಸಿಯುತ್ತದೆ ಅನ್ನಲು ಗಟ್ಟಿ ಪುರಾವೆ ಅದಕ್ಕೆ ಸಿಗಲಿಲ್ಲ. ಹೊಸ ದೊಡ್ಡ ಸಿನಿಮಾಗಳ ವಿಷಯದಲ್ಲಿ ಮಾತ್ರ ಸಿಕ್ಕಿತು. ಅಂಥ ಚಿತ್ರವನ್ನು 10 ಸಲ ಕದ್ದು ನೋಡಿದರೆ ಸುಮಾರು 4 ಸಲ ಕಾಸು ಕೊಟ್ಟು ನೋಡುವುದು ತಪ್ಪುತ್ತದೆ.

ಯುರೋಪಿನ ಅಂಕಿ ದಾವಣಗೆರೆಗೆ ಹಾಗೇ ಹೊಂದಬೇಕೆಂದಿಲ್ಲ. ಆದರೂ ಮೇಲಿನ ಲೆಕ್ಕಕ್ಕೆ ಅಂದಾಜಿಗೆ ಜೋಡಿಸಿ ನೋಡಿ. ಊರಿನಲ್ಲಿ 500 ಜನ ಫೋನಿನಲ್ಲಿ ನೋಡಿದರೆ ತಪ್ಪಿದ್ದು 500 ಟಿಕೆಟ್ ಅಲ್ಲ, 200. ಅಂದರೆ ನಷ್ಟ ಸಿನಿಮಾದವರು ಹೇಳುವುದಕ್ಕಿಂತ ಕಡಿಮೆ. ಆದರೆ ನಮ್ಮ ಲೆಕ್ಕದ ನಿರ್ಮಾಪಕರ ಕೈ ಬರಿದಾಗಲು ಆ 200 ಸಾಕು. 500 ಜನ ಅಂದರೆ ತುಂಬಿದ ಒಂದು ವಾಟ್ಸ್‌ಆ್ಯಪ್ ಗ್ರೂಪ್‌ನ ಅರ್ಧ.

ಲಿಂಕ್ ಒತ್ತಿದರೆ ಜೈಲೇ?

ಈ ಬೆದರಿಕೆಯ ಮೂಲ 2016ರದ್ದು. ಆ ವರ್ಷದ ಆಗಸ್ಟ್‌ನಲ್ಲಿ, ಬ್ಲಾಕ್ ಆದ ತಾಣಗಳನ್ನು ತೆರೆದರೆ, ಈ ಪುಟ ನೋಡುವುದೂ ಡೌನ್‌ಲೋಡ್ ಮಾಡುವುದೂ ಮೂರು ವರ್ಷ ಜೈಲು, 3 ಲಕ್ಷ ದಂಡಕ್ಕೆ ದಾರಿ ಎಂಬ ಅರ್ಥದ ಎಚ್ಚರಿಕೆ ಕಾಣಿಸತೊಡಗಿತು. ಅದರ ಸ್ಕ್ರೀನ್‌ಶಾಟ್ ದೇಶವೆಲ್ಲ ಸುತ್ತಿತು. ಅದೇ ತಿಂಗಳು ಬಾಂಬೆ ಹೈಕೋರ್ಟ್‌ನ ನ್ಯಾಯಮೂರ್ತಿ ಗೌತಮ್ ಪಟೇಲ್ ಆ ಒಕ್ಕಣೆ ಸರಿಯಿಲ್ಲ, ಬರೀ ನೋಡುವುದು ಅಪರಾಧವಲ್ಲ, ಅನುಮತಿಯಿಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಎಂದು ಸ್ಪಷ್ಟಪಡಿಸಿದರು. ಸ್ಕ್ರೀನ್‌ಶಾಟ್ ಇನ್ನೂ ಓಡುತ್ತಿದೆ. ತೀರ್ಪು ಅಷ್ಟು ದೂರ ಓಡಲಿಲ್ಲ.

ಹಾಗಂತ ಫಾರ್ವರ್ಡ್ ಬಟನ್ ಒತ್ತುವವರು ನಿರಾಳರಾಗುವಂತಿಲ್ಲ. ಹಂಚುವುದು ಅಂದರೆ ಅದೇ ತಾನೆ? 1957ರ ಕಾಪಿರೈಟ್ ಕಾಯ್ದೆಯ 63ನೇ ಕಲಮಿನಲ್ಲಿ ಗೊತ್ತಿದ್ದೂ ಹಕ್ಕು ಉಲ್ಲಂಘಿಸುವುದಕ್ಕೆ, ಅದಕ್ಕೆ ಕುಮ್ಮಕ್ಕು ಕೊಡುವುದಕ್ಕೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡುವ ಅವಕಾಶ ಕೋರ್ಟಿಗಿದೆ. ಆದರೆ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾಮೀನುರಹಿತ ಅಪರಾಧ ಎಂದಿದೆ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. 2019ರ ಸೆಪ್ಟೆಂಬರ್‌ನಲ್ಲಿ ಸುದೀಪ್ ಅವರ 'ಪೈಲ್ವಾನ್' ಸೋರಿಕೆಯಾದಾಗ ಚಿತ್ರತಂಡದ ದೂರಿನ ಮೇಲೆ ಬಂಧನವಾದದ್ದು, ಸೋಷಿಯಲ್ ಮೀಡಿಯಾದಲ್ಲಿ ಲಿಂಕ್ ಹಂಚಿದ ಆರೋಪ ಹೊತ್ತ ಒಬ್ಬ ಯುವಕನದ್ದು. ರಾತ್ರಿ ಬಸ್ಸಿನಲ್ಲಿ ಪ್ರಯಾಣಿಕರಿಗೆ ಹೊಸ ಸಿನಿಮಾದ ಕಳ್ಳ ಪ್ರತಿ ಹಾಕುವುದೂ ಸಾರ್ವಜನಿಕ ಪ್ರದರ್ಶನವೇ.

ಹೀರೋ ಎಂಟ್ರಿ ಬಂದ ಕೂಡಲೇ ಫೋನ್ ಎತ್ತುವವರಿಗೂ ಒಂದು ಮಾತು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ, ಥಿಯೇಟರ್‌ನಲ್ಲಿ ಸಿನಿಮಾದ ಅಥವಾ ಅದರ ಒಂದು ಭಾಗದ ಕಳ್ಳ ಪ್ರತಿ ಮಾಡುವ ಉದ್ದೇಶದ ರೆಕಾರ್ಡಿಂಗ್‌ಗೆ ಮೂರು ತಿಂಗಳಿಂದ ಮೂರು ವರ್ಷ ಜೈಲು ಇಟ್ಟಿದೆ. ದಂಡ ಕನಿಷ್ಠ 3 ಲಕ್ಷ, ಹೆಚ್ಚೆಂದರೆ ಚಿತ್ರದ ನಿರ್ಮಾಣ ವೆಚ್ಚದ ಶೇ. 5. ಸ್ಟೇಟಸ್‌ಗೆ ಹಾಕುವ 20 ಸೆಕೆಂಡ್ ಕ್ಲಿಪ್‌ಗೆ ಪೊಲೀಸರು ಬರುತ್ತಾರೆ ಅಂತ ನಾವು ಹೆದರಿಸುತ್ತಿಲ್ಲ. ಆದರೆ 'ಭಾಗ' ಅನ್ನುವ ಪದ ಕಾಯ್ದೆಯಲ್ಲೇ ಇದೆ.

ರೆಕಾರ್ಡ್ ಮಾಡಿದ್ದು ಎಲ್ಲಿ ಅಂತ ಹೇಗೆ ಗೊತ್ತಾಗುತ್ತದೆ? ಡಿಜಿಟಲ್ ಪ್ರೊಜೆಕ್ಷನ್‌ನಲ್ಲಿ ಚಿತ್ರದೊಳಗೇ ಕಣ್ಣಿಗೆ ಕಾಣದ ಗುರುತು ಇರುತ್ತದೆ. ಕಳ್ಳ ಪ್ರತಿಯನ್ನು ಪರೀಕ್ಷಿಸಿದರೆ ಯಾವ ಥಿಯೇಟರ್, ಯಾವ ಆಟ ಅಂತ ಗೊತ್ತಾಗುತ್ತದೆ. 2024ರಲ್ಲಿ ಮಲಯಾಳಂ ಚಿತ್ರ 'ಎಆರ್‌ಎಂ' ಸೋರಿಕೆಯಾದಾಗ ಅದು ಕೊಯಮತ್ತೂರಿನ ಥಿಯೇಟರ್‌ನಲ್ಲಿ ರೆಕಾರ್ಡ್ ಆದದ್ದೆಂದು ಪತ್ತೆಯಾಯಿತು. ಕೊಚ್ಚಿ ಸೈಬರ್ ಪೊಲೀಸರು ಆರೋಪಿಗಳನ್ನು ಹಿಡಿದದ್ದು ಬೆಂಗಳೂರಿನಲ್ಲಿ. ಪ್ರೇಕ್ಷಕರೊಬ್ಬರ ಚೇಷ್ಟೆಯಿಂದ ಗುರುತು ಹೋಗಿ ನಿಲ್ಲುವುದು ನಮ್ಮೂರಿನ ಯಾವುದೋ ಥಿಯೇಟರ್ ಹೆಸರಿನ ಮೇಲೆ.

ಗ್ರೂಪ್ ಅಡ್ಮಿನ್ ವಿಷಯ ಚಿಕ್ಕದು. ಬೇರೊಬ್ಬ ಸದಸ್ಯರು ಹಾಕಿದ ಸಂದೇಶಕ್ಕೆ ಬರೀ ಅಡ್ಮಿನ್ ಆದ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆ ಪ್ರಕರಣ ಬೇರೆ ವಿಷಯದ್ದು, ತತ್ವ ಇದೇ. ಆದರೆ ಸಿನಿಮಾ ಹಂಚಲೆಂದೇ ಗ್ರೂಪ್ ಮಾಡಿದ್ದರೆ ಮಾತು ಬೇರೆ. "ಟೆಲಿಗ್ರಾಂನಲ್ಲಿ ಯಾರಿಗೂ ಗೊತ್ತಾಗಲ್ಲ" ಅನ್ನುವುದೂ ತಪ್ಪು. ಪಾಠದ ವಿಡಿಯೋಗಳನ್ನು ಕದ್ದು ಹಂಚಿದ ಚಾನೆಲ್‌ಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಆದೇಶದಂತೆ ಟೆಲಿಗ್ರಾಂ 2022ರಲ್ಲಿ ನಡೆಸುವವರ ವಿವರ ಕೊಟ್ಟಿದೆ.

ಫ್ರೀ ಲಿಂಕಿನವರಿಗೆ ದುಡ್ಡು ಎಲ್ಲಿಂದ?

ನಮಗೆ ಕೇಳಿದರೆ, ಜೈಲಿಗಿಂತ ಮೊದಲು ಹೆದರಬೇಕಾದದ್ದು ಇದಕ್ಕೆ. ಸರ್ವರ್ ಬಾಡಿಗೆ ಕಟ್ಟಿ, ಬ್ಲಾಕ್ ಆದಾಗಲೆಲ್ಲ ಹೊಸ ಹೆಸರಲ್ಲಿ ತಾಣ ತೆರೆದು ಪುಕ್ಕಟೆ ಸಿನಿಮಾ ತೋರಿಸುವವರು ಧರ್ಮಕ್ಕೆ ಮಾಡುತ್ತಿಲ್ಲ. 2025ರ ನವೆಂಬರ್‌ನಲ್ಲಿ ಹೈದರಾಬಾದ್ ಪೊಲೀಸರು 'ಐಬೊಮ್ಮ' ಎಂಬ ಪೈರಸಿ ತಾಣ ನಡೆಸಿದ ಆರೋಪದಲ್ಲಿ ಒಬ್ಬರನ್ನು ಬಂಧಿಸಿದರು. ಬೆಟ್ಟಿಂಗ್ ಆ್ಯಪ್‌ಗಳ ಪ್ರಚಾರದಿಂದ ಹಣ ಬರುತ್ತಿತ್ತು, ಸುಮಾರು 50 ಲಕ್ಷ ಬಳಕೆದಾರರ ಮಾಹಿತಿ ಅಲ್ಲಿತ್ತು, 3 ಕೋಟಿ ರೂಪಾಯಿ ಜಪ್ತಿಯಾಗಿದೆ ಎಂದು ಪೊಲೀಸರು ಹೇಳಿದರು. ಸಿನಿಮಾ ಅಲ್ಲಿ ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಇನ್ನೂ ಹತ್ತಿರದ ಅಪಾಯ ಎಪಿಕೆ ಫೈಲಿನದ್ದು. ಮದುವೆ ಕಾರ್ಡ್ ಹೆಸರಲ್ಲಿ, ಟ್ರಾಫಿಕ್ ದಂಡದ ಚಲನ್ ಹೆಸರಲ್ಲಿ ಬರುವ ಅದೇ ಫೈಲು ಹೊಸ ಸಿನಿಮಾದ ಹೆಸರಲ್ಲೂ ಬರಬಹುದು. ಸಿನಿಮಾ ಫೈಲಿನ ಹೆಸರು ಎಂಪಿ4 ಅಥವಾ ಎಂಕೆವಿ ಎಂದು ಮುಗಿಯುತ್ತದೆ. ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಸಿನಿಮಾ ಅಲ್ಲ, ನಿಮ್ಮ ಫೋನಿನಲ್ಲಿ ಕೂರಲು ಬಂದಿರುವ ಆ್ಯಪ್. ಇನ್‌ಸ್ಟಾಲ್ ಮಾಡುವಾಗ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಸಿನಿಮಾ ತೋರಿಸಲು ನಿಮ್ಮ ಮೆಸೇಜ್ ಓದುವ ಅಗತ್ಯ ಏನಿದೆ? ಒಪ್ಪಿಗೆ ಕೊಟ್ಟರೆ ಬ್ಯಾಂಕಿನ ಒಟಿಪಿ ನೀವು ನೋಡುವ ಮೊದಲೇ ಬೇರೆಯವರಿಗೆ ಹೋಗುತ್ತದೆ. ಆಮೇಲೆ ಅದೇ ಫೈಲು ನಿಮ್ಮ ಹೆಸರಲ್ಲೇ ನಿಮ್ಮ ನೆಂಟರ ಗ್ರೂಪಿಗೂ ಹೋಗಬಹುದು. "ಅಣ್ಣ ಕಳಿಸಿದ್ದು ಅಂತ ಒತ್ತಿದೆ" ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅಣ್ಣನಿಗೇ ಅದು ಗೊತ್ತಿರುವುದಿಲ್ಲ.

ಈಗಾಗಲೇ ಅಂಥ ಫೈಲ್ ಇನ್‌ಸ್ಟಾಲ್ ಮಾಡಿದ್ದರೆ ಮೊದಲು ಫೋನಿನ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ, ಯುಪಿಐ ಎರಡನ್ನೂ ತಡೆಹಿಡಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಜಿಲ್ಲಾ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಕಳ್ಳ ಸಿನಿಮಾ ನೋಡಲು ಹೋಗಿ ಹೀಗಾಯಿತು ಎಂದು ಹೇಳಲು ನಾಚಿ ದಿನ ಕಳೆಯಬೇಡಿ. ಕಳ್ಳರು ಎಣಿಸಿರುವುದು ನಿಮ್ಮ ಆ ನಾಚಿಕೆಯನ್ನೇ.

ನಿಮ್ಮದೇ ಚಿತ್ರ ಕಳುವಾದರೆ?

ದಾವಣಗೆರೆ, ಹರಿಹರದಲ್ಲಿ ಕಿರುಚಿತ್ರ, ಆಲ್ಬಂ ಹಾಡು, ಸಣ್ಣ ಸಿನಿಮಾ ಮಾಡುವ ಹುಡುಗ ಹುಡುಗಿಯರು ಈಗ ಸಾಕಷ್ಟಿದ್ದಾರೆ. ಪೈರಸಿ ಅವರಿಗೂ ತಟ್ಟುತ್ತದೆ. 2023ರ ನವೆಂಬರ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೆನ್ಸಾರ್ ಮಂಡಳಿ ಮತ್ತು ಪಿಐಬಿಯಲ್ಲಿ 12 ನೋಡಲ್ ಅಧಿಕಾರಿಗಳನ್ನು ನೇಮಿಸಿತು. ಚಲನಚಿತ್ರದ ಕಳ್ಳ ಪ್ರತಿ ತೋರಿಸುತ್ತಿರುವ ತಾಣ, ಆ್ಯಪ್, ಚಾನೆಲ್‌ನ ಲಿಂಕ್ ಸಮೇತ ಅವರಿಗೆ ಬರೆದರೆ 48 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು ಎಂಬುದು ವ್ಯವಸ್ಥೆ. ಹಕ್ಕುದಾರರು ಅಥವಾ ಅವರು ಒಪ್ಪಿಗೆ ಕೊಟ್ಟವರು ದೂರು ಕೊಟ್ಟರೆ ಕೆಲಸ ಬೇಗ. ಬೇರೆಯವರೂ ಕೊಡಬಹುದು, ಆಗ ಅಧಿಕಾರಿ ವಿಚಾರಣೆ ನಡೆಸಿ ತೀರ್ಮಾನಿಸುತ್ತಾರೆ. ಚಿತ್ರದ ಹಕ್ಕು ನಿಮ್ಮದೇ ಎಂದು ತೋರಿಸುವ ಕಾಗದ, ಸೆನ್ಸಾರ್ ಆಗಿದ್ದರೆ ಅದರ ಪ್ರಮಾಣಪತ್ರ, ಕಳ್ಳ ಲಿಂಕಿನ ಸ್ಕ್ರೀನ್‌ಶಾಟ್ ಮತ್ತು ದಿನಾಂಕ ಒಂದೇ ಕಡೆ ಎತ್ತಿಟ್ಟುಕೊಂಡು ಬರೆಯಿರಿ.